ಬೆಚ್ಚನೆಯ ನೀರಿನಲ್ಲಿ ಹಗುರಾಗುವ ಮೊಣಕಾಲು

ಸಜ್ದಾದಿಂದ ಏಳುವಾಗ ನಿಮ್ಮ ಅಮ್ಮ ಅಥವಾ ಅತ್ತೆ ಗೋಡೆಗೆ ಕೈ ಊರುತ್ತಾರೆಯೇ? ಬೆಟಗೇರಿಯಲ್ಲಿ ದಿನವಿಡೀ ಕುಳಿತು ಕಂಡಿಕೆ ಸುತ್ತುವವರು, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಮೆಣಸಿನಕಾಯಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವರು, ಮುಂಜಾನೆಯೇ ರೊಟ್ಟಿ ಬಡಿಯಲು ಕೂರುವವರು, ಎಲ್ಲರದೂ ಒಂದೇ ಮಾತು: "ವಯಸ್ಸಾತು, ಇದು ಇರೋದ." ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ಅನುಮತಿಯಿದೆ, ನಿಜ. ಆದರೆ ನೋವಿನ ಹೆದರಿಕೆಯಿಂದ ನಡೆಯುವುದನ್ನೇ ಬಿಟ್ಟರೆ ಕೀಲು ಇನ್ನಷ್ಟು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ.

ನಡೆದರೆ ನೋವು, ನಡೆಯದಿದ್ದರೆ ಬಿಗಿತ. ಈ ಇಕ್ಕಟ್ಟಿನಲ್ಲಿ ನೀರು ನೆರವಿಗೆ ಬರುತ್ತದೆ. ಸೊಂಟದ ತನಕ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎದೆಮಟ್ಟಕ್ಕೆ ಇಳಿದರೆ ಇನ್ನೂ ಕಡಿಮೆ. ನೀರಿನ ಒತ್ತಡ ಬಾವು ತಗ್ಗಿಸಲು ಸಹಾಯ ಮಾಡುತ್ತದೆ. 33ರಿಂದ 35 ಡಿಗ್ರಿಯಷ್ಟು ಬಿಸುಪು ಸ್ನಾಯುಗಳನ್ನು ಸಡಿಲಿಸುತ್ತದೆ. ಮೊಣಕಾಲು, ಸೊಂಟದ ಕೀಲು ಸವೆದ 1,190 ಮಂದಿಯ ಮೇಲೆ ನಡೆದ 13 ಅಧ್ಯಯನಗಳನ್ನು 2016ರಲ್ಲಿ ಒಟ್ಟಾಗಿ ಪರಿಶೀಲಿಸಲಾಯಿತು. ನೀರಿನಲ್ಲಿ ವ್ಯಾಯಾಮ ಮಾಡಿದವರ ನೋವು ಸ್ವಲ್ಪ ಕಾಲದ ಮಟ್ಟಿಗೆ, ಸ್ವಲ್ಪ ಪ್ರಮಾಣದಲ್ಲಿ ಇಳಿದಿತ್ತು. 'ಸ್ವಲ್ಪ' ಎಂಬುದನ್ನು ಮರೆಯಬೇಡಿ. ಸವೆದ ಕೀಲು ಮೊದಲಿನಂತಾಗುತ್ತದೆ ಎಂದು ಹೇಳಿ ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ.

ಇದೇ ಬಗೆಯ ಇನ್ನೊಂದು ವಿಧಾನ 'ವಾಟ್ಸು'. 1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬಿಸಿನೀರಿನ ಬುಗ್ಗೆಯೊಂದರ ಬಳಿ ಹೆರಾಲ್ಡ್ ಡಲ್ ಎಂಬವರು ಇದನ್ನು ಆರಂಭಿಸಿದರು. ಚಿಕಿತ್ಸಕರು ರೋಗಿಯನ್ನು ನೀರಿನ ಮೇಲೆ ತೋಳಲ್ಲಿ ಹಿಡಿದು, ತೇಲಿಸುತ್ತಾ ಮೈ ಸಡಿಲಿಸುತ್ತಾರೆ. ಹೀಗಾಗಿ ಚಿಕಿತ್ಸಕಿ ಮಹಿಳೆಯೇ ಆಗಿರಬೇಕು, ಕೊಳಕ್ಕೆ ಮರೆ ಇರಬೇಕು. ನಮ್ಮ ರಾಜ್ಯದಲ್ಲಿ ಜಲಚಿಕಿತ್ಸೆ ಸಿಗುವುದು ಹೆಚ್ಚಾಗಿ ಪ್ರಕೃತಿ ಚಿಕಿತ್ಸಾಲಯಗಳಲ್ಲಿ. ಉಜಿರೆಯಲ್ಲಿ ಇದನ್ನು ಕಲಿಸುವ ಕಾಲೇಜೇ ಇದೆ. ಹೋಗುವ ಮುನ್ನ ಮಹಿಳೆಯರಿಗೆ ಪ್ರತ್ಯೇಕ ಸಮಯ, ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಫೋನ್ ಮಾಡಿ ಕೇಳಿ. ಕೇಳಲು ನಾಚಿಕೆ ಬೇಡ.

ಬೇಸಿಗೆಯಲ್ಲಿ ನಲ್ಲಿ ನೀರಿಗಾಗಿ ದಿನಗಟ್ಟಲೆ ಕಾಯುವ ಗದಗದಲ್ಲಿ ಕೊಳದ ಮಾತೇ ವಿಚಿತ್ರ ಎನ್ನುತ್ತೀರಾ? ಹಾಗಾದರೆ ಅರ್ಧ ಬಕೆಟ್ ಸಾಕು. ಸ್ಟೂಲಿನ ಮೇಲೆ ಕುಳಿತು ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಹಿಮ್ಮಡಿಯನ್ನೂ ಬೆರಳುಗಳನ್ನೂ ಹತ್ತು ನಿಮಿಷ ಮೇಲೆ ಕೆಳಗೆ ಆಡಿಸಿ. ಮೊಣಕಾಲಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ. ಬಳಿಕ ಕಾಲು ಒರೆಸಿಕೊಂಡು, ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿದು ಇಳಿಸಿ, ಹತ್ತು ಸಲ. ಬಕೆಟ್ಟಿನಲ್ಲಿ ತೇಲುವ ಹಗುರ ಸಿಗದು, ಆದರೆ ಬಿಸುಪೂ ಚಲನೆಯೂ ಸಿಗುತ್ತವೆ. ಉಳಿದ ನೀರು ಅಂಗಳ ತೊಳೆಯಲು ಆದೀತು.

ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ಬಿಸಿ ತಿಳಿಯದೇ ಇರಬಹುದು. ಮನೆಯ ಇನ್ನೊಬ್ಬರು ಮೊಣಕೈ ಅದ್ದಿ ನೋಡಿದ ಮೇಲಷ್ಟೇ ಕಾಲಿಡಿ. ಗಾಯ, ಜ್ವರ ಇದ್ದಾಗ ಬೇಡ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರು ಕೊಳಕ್ಕಿಳಿಯುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಮುಂಡರಗಿ ಭಾಗದ ಓದುಗರಿಗೆ ಇನ್ನೊಂದು ಮಾತು. ಅಲ್ಲಿನ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಎಲುಬು, ಕೀಲುಗಳು ಕೆಡಬಹುದು. ಮನೆಯ ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳಿದ್ದು, ಹಿರಿಯರಿಗೆ ಬೆನ್ನು, ಕೀಲು ಬಿಗಿದಿದ್ದರೆ ಬಕೆಟ್ ಬದಿಗಿಡಿ, ಮೊದಲು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.