ದೊಡ್ಡಣ್ಣನ ಮಾತಿಗೆ ಮನೆಯೊಳಗಿನ ಒಪ್ಪಿಗೆ

ಅಮೆರಿಕದ ಅಧ್ಯಕ್ಷರು ಜಗತ್ತಿಗೆ ಕೊಟ್ಟ ಮಾತು ಎಷ್ಟು ದಿನ ಬಾಳುತ್ತದೆ? ಉತ್ತರಕ್ಕೆ ಶ್ವೇತಭವನದತ್ತ ನೋಡಿದರಷ್ಟೇ ಸಾಲದು, ಆ ದೇಶದ ಸಂವಿಧಾನವನ್ನೂ ತೆರೆದು ನೋಡಬೇಕು. ಅಧ್ಯಕ್ಷರು ಮಾಡಿಕೊಳ್ಳುವ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೆನೆಟ್ ಸಭೆಯಲ್ಲಿ ಹಾಜರಿದ್ದ ಸದಸ್ಯರ ಪೈಕಿ ಮೂರನೇ ಎರಡರಷ್ಟು ಮಂದಿಯ ಸಮ್ಮತಿ ಬೇಕು ಎನ್ನುತ್ತದೆ ಅದು.

ಆರಂಭದಲ್ಲಿ ಪರರ ಜಗಳದಿಂದ ದೂರವಿರುವುದೇ ಅಮೆರಿಕದ ನೀತಿಯಾಗಿತ್ತು. ಅನ್ಯ ದೇಶಗಳೊಡನೆ ಶಾಶ್ವತ ಮೈತ್ರಿ ಬೇಡವೆಂದು ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1796ರಲ್ಲಿ ಎಚ್ಚರಿಸಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಧ್ಯಕ್ಷ ವುಡ್ರೋ ವಿಲ್ಸನ್ ರಾಷ್ಟ್ರಸಂಘದ ಕನಸು ಕಂಡರು. ಆದರೆ ಅದನ್ನೊಳಗೊಂಡ ವರ್ಸೇಲ್ಸ್ ಒಪ್ಪಂದಕ್ಕೆ 1919ರಲ್ಲಿ, ಮತ್ತೆ 1920ರಲ್ಲಿ ಸೆನೆಟ್ ಸಮ್ಮತಿ ದೊರೆಯಲಿಲ್ಲ. ಕನಸು ಕಂಡವರ ದೇಶವೇ ಸಂಘದ ಹೊರಗುಳಿಯಿತು!

ಎರಡನೇ ಮಹಾಯುದ್ಧ ಈ ಪಾಠವನ್ನು ಕಲಿಸಿತು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದನ್ನು ಸೆನೆಟ್ 89–2 ಮತಗಳಿಂದ ಅಂಗೀಕರಿಸಿತು. 1949ರ ನ್ಯಾಟೊ ಒಡಂಬಡಿಕೆಗೆ 82–13 ಮತಗಳು ಬಿದ್ದವು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಟ್ರೂಮನ್ ಅವರಿಗೆ ರಿಪಬ್ಲಿಕನ್ ಪಕ್ಷದ ಸೆನೆಟರ್ ಆರ್ಥರ್ ವ್ಯಾಂಡನ್‌ಬರ್ಗ್ ಹೆಗಲು ಕೊಟ್ಟಿದ್ದರು. ಎರಡೂ ಪಕ್ಷಗಳು ಕೂಡಿ ಹಾಕಿದ ಆ ಅಡಿಪಾಯ ದಶಕಗಳ ಕಾಲ ನಿಂತಿತು.

ಒಳಗಿನ ಒಪ್ಪಿಗೆ ತಪ್ಪಿದರೆ ಏನಾಗುತ್ತದೆಂಬುದು ಭಾರತಕ್ಕೂ ಗೊತ್ತು. 1963ರ ಒಪ್ಪಂದದಂತೆ ತಾರಾಪುರದ ಅಣುಸ್ಥಾವರಕ್ಕೆ ಅಮೆರಿಕ ಇಂಧನ ಒದಗಿಸಬೇಕಿತ್ತು. 1974ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಲ್ಲಿನ ಕಾಂಗ್ರೆಸ್ 1978ರಲ್ಲಿ ಹೊಸ ಕಾನೂನು ಮಾಡಿತು. ಹಳೆಯ ಮಾತು ಮೂಲೆಗೆ ಸರಿಯಿತು. ಕೊನೆಗೆ 1982ರಲ್ಲಿ ಇಂಧನಕ್ಕಾಗಿ ಫ್ರಾನ್ಸ್‌ನತ್ತ ತಿರುಗಬೇಕಾಯಿತು.

ಇತ್ತೀಚಿನ ಅಧ್ಯಕ್ಷರು ಸೆನೆಟ್ಟಿನ ಕಠಿಣ ದಾರಿ ಬಿಟ್ಟು ತಮ್ಮ ಸಹಿಯನ್ನೇ ಹೆಚ್ಚು ನೆಚ್ಚಿದ್ದಾರೆ. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ 2016ರಲ್ಲಿ ಒಬಾಮ ಹಾಗೆಯೇ ಸೇರಿದರು. ಟ್ರಂಪ್ ಆಡಳಿತದಲ್ಲಿ 2020ರಲ್ಲಿ ದೇಶ ಹೊರಬಂತು, 2021ರಲ್ಲಿ ಬೈಡನ್ ಮತ್ತೆ ಸೇರಿಸಿದರು, 2025ರಲ್ಲಿ ಟ್ರಂಪ್ ಪುನಃ ನಿರ್ಗಮನಕ್ಕೆ ಆದೇಶಿಸಿದರು. ಒಬ್ಬರ ಲೇಖನಿ ಬರೆದದ್ದನ್ನು ಇನ್ನೊಬ್ಬರ ಲೇಖನಿ ಅಳಿಸಿತು.

ಮುಂದಿನ ಅಧ್ಯಕ್ಷರು ಯಾರೆಂಬ ಕುತೂಹಲ ಸಹಜ. ಆದರೆ ಅಮೆರಿಕದ ವಿದೇಶಾಂಗ ನೀತಿಯ ನಾಳೆಯನ್ನು ಅಳೆಯಬೇಕೆನ್ನುವ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಒಪ್ಪಂದದ ಹಿಂದೆ ಎಷ್ಟು ಮತಗಳಿವೆ, ಎರಡೂ ಪಕ್ಷಗಳು ಅದರಲ್ಲಿವೆಯೇ? ಇಲ್ಲವಾದಲ್ಲಿ ಅದರ ಆಯುಸ್ಸು ಮುಂದಿನ ಚುನಾವಣೆಯವರೆಗೆ ಮಾತ್ರ.