ಫೈಬರ್ ಬಾಗಿಲಿಗೆ ಬಂತು, ಒಳಗಿನ ದಾರಿ ಹೇಗಿದೆ?

ವಿಶಾಖಪಟ್ಟಣದಲ್ಲಿ ಈಗ ನಾಲ್ಕು ಜನ ಐಟಿಯವರು ಸೇರಿದರೆ ಡೇಟಾ ಸೆಂಟರ್ ಮಾತು ಬಂದೇ ಬರುತ್ತದೆ. ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಇಲ್ಲೊಂದು ದೊಡ್ಡ ಎಐ ಕೇಂದ್ರ ಕಟ್ಟುವುದಾಗಿ ಗೂಗಲ್ 2025ರ ಅಕ್ಟೋಬರ್ 14ರಂದು ಪ್ರಕಟಿಸಿತು. ಸಮುದ್ರದಡಿಯ ಕೇಬಲ್‌ಗಳನ್ನು ಈ ದಡಕ್ಕೆ ತರುವುದೂ ಅದೇ ಯೋಜನೆಯಲ್ಲಿದೆ. ಅದಕ್ಕೂ ಮೊದಲೇ, 2017ರ ಡಿಸೆಂಬರ್ 27ರಂದು, ಆಂಧ್ರ ಸರ್ಕಾರದ ಫೈಬರ್‌ನೆಟ್ ಯೋಜನೆಯನ್ನು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದರು. ರಸ್ತೆ ಅಗೆಯುವ ಬದಲು ಕರೆಂಟ್ ಕಂಬಗಳ ಮೇಲೆಯೇ ಫೈಬರ್ ಎಳೆದು, ತಿಂಗಳಿಗೆ 149 ರೂಪಾಯಿಗೆ ಇಂಟರ್ನೆಟ್, ಟಿವಿ, ಫೋನ್ ಮೂರನ್ನೂ ಕೊಡುತ್ತೇವೆ ಎಂದು ಹೊರಟ ಯೋಜನೆ ಅದು. ಇವತ್ತು ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ, ಖಾಸಗಿ ಕಂಪನಿಗಳೂ ಸೇರಿ, ಫೈಬರ್ ಸಂಪರ್ಕ ಸಿಗುವುದು ಕಷ್ಟವಲ್ಲ.

ಅಂದರೆ ಹೊರಗಿನ ರಸ್ತೆ ಅಗಲವಾಗಿದೆ. ಆದರೆ ಮನೆಯೊಳಗೆ, ಗೋಡೆಯ ಡಬ್ಬಿಯಿಂದ ಮೇಜಿನ ಕಂಪ್ಯೂಟರ್‌ವರೆಗಿನ ಆ ಹತ್ತು ಮೀಟರ್ ದಾರಿ ಹೇಗಿದೆ ಎಂದು ನೋಡುವವರು ಕಡಿಮೆ. ಈ ಲೇಖನ ಆ ಹತ್ತು ಮೀಟರ್ ಬಗ್ಗೆ, ಮತ್ತು ಅದನ್ನು ಅಗಲ ಮಾಡುವ ಒಂದು ಚಿಕ್ಕ ಕಾರ್ಡಿನ ಬಗ್ಗೆ.

94 ಎಂಬ ಅಂಕಿ

ಮೊದಲು ಒಂದು ಪರೀಕ್ಷೆ. ನಿಮ್ಮದು 200 ಅಥವಾ 300 ಎಂಬಿಪಿಎಸ್ ಪ್ಲಾನ್ ಎಂದುಕೊಳ್ಳಿ. ಡೆಸ್ಕ್‌ಟಾಪಿಗೆ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಪ್ರತಿ ಸಲವೂ 94ರ ಆಸುಪಾಸಿನಲ್ಲೇ ನಿಲ್ಲುತ್ತಿದೆಯೇ? ಹಾಗಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮೊದಲು ಕೇಬಲ್ ನೋಡಿ. 94 ಎಂದರೆ ಕಂಪ್ಯೂಟರಿಗೂ ರೂಟರಿಗೂ ನಡುವಿನ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದಿದೆ ಎಂದು ಅರ್ಥ. ಉಳಿದ ಆರು, ದತ್ತಾಂಶಕ್ಕೆ ಅಂಟಿಸುವ ವಿಳಾಸದ ಚೀಟಿಗಳಿಗೆ ಹೋಗುತ್ತದೆ.

ಯಾಕೆ ಇಳಿಯುತ್ತದೆ? ಲ್ಯಾನ್ ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. 1 ಜಿಬಿಪಿಎಸ್‌ಗೆ ನಾಲ್ಕೂ ಬೇಕು. 100ಕ್ಕೆ ಬೇಡದ ಆ ಇನ್ನೆರಡು ಜೋಡಿಗಳಲ್ಲಿ ಒಂದು ತಂತಿ ಪ್ಲಗ್ಗಿನೊಳಗೆ ಸಡಿಲವಾದರೆ ಎರಡೂ ಕಡೆಯ ಪೋರ್ಟುಗಳು ತಾವೇ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ಸಂಪರ್ಕ ಕಡಿಯುವುದಿಲ್ಲ, ದೂರು ಹೇಳಲು ಕಾರಣವೂ ಕಾಣುವುದಿಲ್ಲ. ಕೆಲವು ಅಗ್ಗದ ರೂಟರ್‌ಗಳ ಪೋರ್ಟೇ 100 ಎಂಬಿಪಿಎಸ್‌ನದು, ಅದನ್ನೂ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್ ಎಂದು ಹೋದರೆ ‘ಲಿಂಕ್ ಸ್ಪೀಡ್’ ಎಂಬ ಸಾಲು ಸಿಗುತ್ತದೆ. ಅಲ್ಲಿ 100 ಇದೆಯೋ 1000 ಇದೆಯೋ ನೋಡಿದರೆ ಅರ್ಧ ರೋಗ ತಿಳಿದಂತೆ.

ಹೊಸ ಕಾರ್ಡ್ ಕೊಳ್ಳುವ ಮುನ್ನ ಈ ಪರೀಕ್ಷೆ ಯಾಕೆಂದರೆ, ನೆಟ್‌ವರ್ಕಿನಲ್ಲಿ ಅತಿ ಕಿರಿದಾದ ಜಾಗವೇ ಇಡೀ ದಾರಿಯ ವೇಗವನ್ನು ನಿರ್ಧರಿಸುತ್ತದೆ. ಕೇಬಲ್ ಕೆಟ್ಟಿದ್ದರೆ ಎಷ್ಟು ದುಬಾರಿ ಕಾರ್ಡ್ ಹಾಕಿದರೂ 94ಕ್ಕೇ ಬಂದು ನಿಲ್ಲುತ್ತದೆ.

ವಿಜಯವಾಡದ ಒಂದು ಸ್ಟುಡಿಯೊ

ಇಷ್ಟೆಲ್ಲ ವೇಗ ಯಾರಿಗೆ ಬೇಕು? ಸಿನಿಮಾ ನೋಡುವವರಿಗೆ, ಆಫೀಸಿನ ಮೀಟಿಂಗ್‌ಗೆ ಕೂರುವವರಿಗೆ ಬೇಡ. ಫೋರ್‌ಕೆ ಸಿನಿಮಾಗೆ 25 ಎಂಬಿಪಿಎಸ್ ಇದ್ದರೆ ಸಾಕು. ಬೇಕಾಗುವುದು ದೊಡ್ಡ ಫೈಲುಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವವರಿಗೆ.

ಬಳ್ಳಾರಿ ಕಡೆಯ ಗೆಳೆಯರೊಬ್ಬರು ವಿಜಯವಾಡದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾರೆ. ಎರಡು ದಿನದ ಮದುವೆ, ಮೂರು ಕ್ಯಾಮೆರಾ, ಒಂದು ಡ್ರೋನ್ ಎಂದರೆ ಸುಲಭವಾಗಿ 400 ಜಿಬಿ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ವಾಗು ಉಕ್ಕಿ ಸಿಂಗ್ ನಗರದ ಕಡೆ ಮನೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನೆಲಮಹಡಿಯಲ್ಲಿದ್ದ ಇವರ ಕಂಪ್ಯೂಟರೂ ಮುಳುಗಿತು. ಕಂಪ್ಯೂಟರ್ ಹೋದರೆ ಇನ್ನೊಂದು ಬರುತ್ತದೆ. ಅದರೊಳಗೆ ಎರಡು ಕುಟುಂಬಗಳ ಮದುವೆ ಇತ್ತು. ತಾಳಿ ಕಟ್ಟುವುದನ್ನು ಮತ್ತೊಮ್ಮೆ ಶೂಟ್ ಮಾಡಲು ಬರುತ್ತದೆಯೇ?

ಬ್ಯಾಕಪ್ ಇರಲಿಲ್ಲವೇ ಎಂದು ಕೇಳಿದೆ. ಇತ್ತು. ಮೇಲಿನ ಮಹಡಿಯಲ್ಲಿ ಹಳೆಯದೊಂದು ಕಂಪ್ಯೂಟರಿಗೆ ದೊಡ್ಡ ಹಾರ್ಡ್‌ಡಿಸ್ಕ್ ಹಾಕಿ ಇಟ್ಟಿದ್ದರು. ಆದರೆ ಒಂದು ಮದುವೆ ಕಾಪಿಯಾಗಲು ಇಡೀ ರಾತ್ರಿ ಬೇಕಿತ್ತು. ನಡುವೆ ಕರೆಂಟ್ ಹೋದರೆ ಮೊದಲಿಂದ ಶುರು. ಸೀಸನ್ನಿನ ಗಡಿಬಿಡಿಯಲ್ಲಿ ‘ಈ ಭಾನುವಾರ ಮಾಡೋಣ’ ಎಂದು ಮುಂದೂಡುತ್ತ ಹೋದರು. ಆ ಭಾನುವಾರವೇ, ಸೆಪ್ಟೆಂಬರ್ 1ರಂದು, ನೀರು ಬಂತು.

ಲೆಕ್ಕ ಹಾಕಿ ನೋಡಿದೆವು. ಮಹಡಿಗೆ ಹೋದ ಕೇಬಲ್ 100 ಎಂಬಿಪಿಎಸ್‌ನಲ್ಲಿ ಓಡುತ್ತಿತ್ತು. ಅಂದರೆ ಸೆಕೆಂಡಿಗೆ ಹನ್ನೊಂದೂವರೆ ಎಂಬಿ. 400 ಜಿಬಿಗೆ ಸುಮಾರು ಒಂಬತ್ತೂವರೆ ಗಂಟೆ. ಅದೇ ಕೇಬಲ್ 1 ಜಿಬಿಪಿಎಸ್‌ನಲ್ಲಿ ಓಡಿದರೆ ಸೆಕೆಂಡಿಗೆ 115 ಎಂಬಿ, ಒಂದು ಗಂಟೆ ಸಾಕು. 2.5 ಜಿಬಿಪಿಎಸ್ ಕಾರ್ಡ್ ಹಾಕಿದರೆ ಸೆಕೆಂಡಿಗೆ 280 ಎಂಬಿ, ಸುಮಾರು 24 ನಿಮಿಷ. ಬರೆದುಕೊಳ್ಳುವ ಕಡೆ ಎಸ್‌ಎಸ್‌ಡಿ ಇಲ್ಲದೆ ಹಾರ್ಡ್‌ಡಿಸ್ಕ್ ಇದ್ದರೆ ಅದರ ವೇಗವೇ ಮಿತಿ. ಆಗಲೂ 40 ನಿಮಿಷದ ಒಳಗೆ ಮುಗಿಯುತ್ತದೆ.

ಒಂಬತ್ತು ಗಂಟೆಯ ಕೆಲಸವನ್ನು ಮನುಷ್ಯ ಮುಂದೂಡುತ್ತಾನೆ. ಅರ್ಧ ಗಂಟೆಯದಾದರೆ ಅಂಗಡಿ ಮುಚ್ಚುವ ಮೊದಲು ಟೀ ಕುಡಿಯುತ್ತ ಮುಗಿಸಿಬಿಡುತ್ತಾನೆ. ಈ ಕಾರ್ಡಿನ ನಿಜವಾದ ಉಪಯೋಗ ಅದು.

ಯಾವ ಕಾರ್ಡ್ ಕೊಳ್ಳಬೇಕು?

ಅಂಗಡಿಯಲ್ಲಿ ‘ನೆಟ್‌ವರ್ಕ್ ಇಂಟರ್‌ಫೇಸ್ ಕಾರ್ಡ್’ ಎಂದರೆ ಮುಖ ನೋಡುತ್ತಾರೆ. ‘ಟೂ ಪಾಯಿಂಟ್ ಫೈವ್ ಲ್ಯಾನ್ ಕಾರ್ಡ್ ಉಂದಾ ಅಂಡಿ?’ ಎಂದು ತೆಲುಗಿನಲ್ಲೇ ಕೇಳಿ. ಇದ್ದರೆ ತೆಗೆದುಕೊಡುತ್ತಾರೆ, ಇಲ್ಲದಿದ್ದರೆ ಆನ್‌ಲೈನ್ ಇದ್ದೇ ಇದೆ. ಬೆಲೆ ಬ್ರ್ಯಾಂಡ್ ನೋಡಿಕೊಂಡು ಎರಡು ಸಾವಿರ ರೂಪಾಯಿಯ ಆಸುಪಾಸು.

2.5 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು? 1 ಜಿಬಿಪಿಎಸ್ ತಾಮ್ರದ ಕೇಬಲ್ ಮೇಲೆ ಬಂದದ್ದು 1999ರಲ್ಲಿ, 10 ಜಿಬಿಪಿಎಸ್ 2006ರಲ್ಲಿ. ಆದರೆ ಹತ್ತಕ್ಕೆ ನೂರು ಮೀಟರ್ ಓಡಲು ಕ್ಯಾಟ್ 6ಎ ಕೇಬಲ್ ಬೇಕು. ಪ್ರಪಂಚದ ಕಟ್ಟಡಗಳ ಗೋಡೆಯೊಳಗೆ ಆಗಲೇ ಕೂತಿದ್ದದ್ದು ಕ್ಯಾಟ್ 5ಇ. ಗೋಡೆ ಒಡೆಯದೆ ವೇಗ ಹೆಚ್ಚಿಸುವ ದಾರಿಯಾಗಿ 2016ರಲ್ಲಿ 2.5 ಮತ್ತು 5 ಜಿಬಿಪಿಎಸ್ ಮಾನಕಗಳು ಬಂದವು. ಒಳ್ಳೆಯ ಕ್ಯಾಟ್ 5ಇ ಕೇಬಲ್ಲಿನಲ್ಲಿ 2.5 ಜಿಬಿಪಿಎಸ್ ನೂರು ಮೀಟರ್‌ವರೆಗೆ ಓಡುತ್ತದೆ. ಮನೆಗೆ, ಸಣ್ಣ ಅಂಗಡಿಗೆ ಇದೇ ಸರಿಯಾದ ಅಳತೆ. 10 ಜಿಬಿಪಿಎಸ್ ಕಾರ್ಡ್ ದುಬಾರಿ, ಹೆಚ್ಚು ಬಿಸಿಯಾಗುತ್ತದೆ, ಮತ್ತು ಎರಡೂ ಕಡೆ ವೇಗದ ಎಸ್‌ಎಸ್‌ಡಿ ಇಲ್ಲದಿದ್ದರೆ ಅದರ ವೇಗ ಅನುಭವಕ್ಕೆ ಬರುವುದಿಲ್ಲ.

ಕೊಳ್ಳುವಾಗ ಮೂರು ವಿಷಯ ನೋಡಿ.

ಮೊದಲನೆಯದು ಸ್ಲಾಟ್. ಮದರ್‌ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇರಬೇಕು. 2.5 ಕಾರ್ಡಿಗೆ ಅತಿ ಚಿಕ್ಕದಾದ, ಎರಡೂವರೆ ಸೆಂಟಿಮೀಟರಿನ ಎಕ್ಸ್1 ಸ್ಲಾಟ್ ಸಾಕು. ಅದು ಗ್ರಾಫಿಕ್ಸ್ ಕಾರ್ಡಿನ ಅಡಿ ಮುಚ್ಚಿಹೋಗಿದ್ದರೆ ಉದ್ದದ ಸ್ಲಾಟಿನಲ್ಲೂ ಹಾಕಬಹುದು, ಕೆಲಸ ಮಾಡುತ್ತದೆ. ತುಂಬ ಹಳೆಯ ಬೋರ್ಡುಗಳ ಬಿಳಿಯ ಪಿಸಿಐ ಸ್ಲಾಟಿಗೆ ಮಾತ್ರ ಇದು ಹೊಂದುವುದಿಲ್ಲ.

ಎರಡನೆಯದು ಚಿಪ್. ಅಗ್ಗದ ಕಾರ್ಡುಗಳಲ್ಲಿ ಹೆಚ್ಚಾಗಿ ರಿಯಲ್‌ಟೆಕ್ 8125 ಇರುತ್ತದೆ. ವಿಂಡೋಸ್‌ಗೂ ಈಚಿನ ಲಿನಕ್ಸ್‌ಗೂ ಇದರ ಡ್ರೈವರ್ ಸುಲಭವಾಗಿ ಸಿಗುತ್ತದೆ. ಚಿಪ್ಪಿನ ಹೆಸರನ್ನೇ ಹೇಳದ ಕಾರ್ಡ್ ಬೇಡ.

ಮೂರನೆಯದು ಕೇಬಲ್. ‘ಕ್ಯಾಟ್ 6’ ಎಂದು ಮೇಲೆ ಅಚ್ಚು ಹಾಕಿ, ಒಳಗೆ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ, ಕೆಂಪಗೇ ಇದ್ದರೆ ತಾಮ್ರ.

ಕೂರಿಸುವ ಕೆಲಸ

ಡ್ರೈವರನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಹಿಂದಿನ ಪವರ್ ಸಪ್ಲೈ ಸ್ವಿಚ್ ಆರಿಸಿ, ವೈರನ್ನು ಗೋಡೆಯಿಂದ ಕಿತ್ತುಬಿಡಿ. ಆಮೇಲೆ ಪವರ್ ಬಟನ್ನನ್ನು ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಪಕ್ಕದ ಬಾಗಿಲು ತೆಗೆದು, ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಮೈಯಲ್ಲಿನ ಸ್ಥಾಯಿ ವಿದ್ಯುತ್ ಕಾರ್ಡಿನ ಬದಲು ಕ್ಯಾಬಿನೆಟ್‌ಗೆ ಹೋಗಲಿ.

ಸ್ಲಾಟಿನ ನೇರಕ್ಕೆ ಹಿಂದೆ ಇರುವ ತಗಡಿನ ಪಟ್ಟಿಯ ಸ್ಕ್ರೂ ಬಿಚ್ಚಿ ಪಟ್ಟಿ ತೆಗೆಯಿರಿ. ಕಾರ್ಡಿನ ಅಂಚುಗಳನ್ನು ಹಿಡಿದು, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟದೆ, ಸ್ಲಾಟಿಗೆ ನೇರವಾಗಿ ಇಟ್ಟು ಎರಡೂ ತುದಿಗೆ ಸಮವಾಗಿ ಒತ್ತಿ. ಹಲ್ಲುಗಳು ಪೂರ್ತಿ ಒಳಗೆ ಹೋಗಬೇಕು. ಸ್ಕ್ರೂ ಹಾಕುವುದನ್ನು ಬಿಡಬೇಡಿ. ಕೇಬಲ್ ಎಳೆದಾಗ ಕಾರ್ಡ್ ಓರೆಯಾಗುವುದನ್ನು ತಡೆಯುವುದು ಅದೊಂದೇ. ಸಣ್ಣ ಕ್ಯಾಬಿನೆಟ್ ಆದರೆ ಪೊಟ್ಟಣದಲ್ಲೇ ಬಂದಿರುವ ಗಿಡ್ಡ ಪಟ್ಟಿಯನ್ನು ಕಾರ್ಡಿಗೆ ಬದಲಾಯಿಸಿಕೊಳ್ಳಿ.

ವಿಶಾಖಪಟ್ಟಣದವರಿಗೆ ಒಂದು ಮಾತು. ಸಮುದ್ರದ ಉಪ್ಪುಗಾಳಿಗೆ ಇಲ್ಲಿ ಕಬ್ಬಿಣವೇ ನಿಲ್ಲುವುದಿಲ್ಲ, ಇನ್ನು ಸ್ಲಾಟಿನ ಸಣ್ಣ ಲೋಹದ ಹಲ್ಲುಗಳ ಮಾತೇನು? ಹಳೆಯ ಕಾರ್ಡ್ ತೆಗೆದು ಹಾಕುತ್ತಿದ್ದರೆ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಊದಿ, ಆಮೇಲೆ ಕೂರಿಸಿ. ವಿಜಯವಾಡದವರು ಉಪ್ಪಿನ ಬದಲು ಧೂಳು ಮತ್ತು ಬಿಸಿಲಿನ ಲೆಕ್ಕ ಹಾಕಬೇಕು. ಹೇಗೂ ಬಾಗಿಲು ತೆಗೆದಿದ್ದೀರಿ, ಫ್ಯಾನುಗಳ ಧೂಳನ್ನೂ ಬ್ರಷ್‌ನಿಂದ ತೆಗೆದುಬಿಡಿ.

ಮತ್ತೆ ಆನ್ ಮಾಡಿ ಡ್ರೈವರ್ ಹಾಕಿ, ‘ಲಿಂಕ್ ಸ್ಪೀಡ್’ ನೋಡಿ. 2500 ಎಂದು ಕಂಡರೆ ಕೆಲಸ ಮುಗಿಯಿತು. ಸಂಪರ್ಕ ಆಗಾಗ ಬಿಟ್ಟು ಬರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಕಾರ್ಡಿನ ಸೆಟ್ಟಿಂಗಿನಲ್ಲಿ ‘ಎನರ್ಜಿ ಎಫಿಶಿಯೆಂಟ್ ಈಥರ್ನೆಟ್’ ಆಫ್ ಮಾಡಿ.

ಎರಡು ಕಾರ್ಡ್, ಒಂದು ಕೇಬಲ್

1000 ಎಂದೇ ಕಾಣುತ್ತಿದೆಯೇ? ಹಾಗಾದರೆ ಕೇಬಲ್ಲಿನ ಆ ತುದಿಯ ರೂಟರ್ ಪೋರ್ಟ್ 1 ಜಿಬಿಪಿಎಸ್‌ನದು. ವೇಗ ಬೇಕೆಂದರೆ ಎರಡೂ ತುದಿ ಒಪ್ಪಬೇಕು. 2.5ರ ಸ್ವಿಚ್ ಕೊಳ್ಳಬಹುದು. ಆದರೆ ಎರಡೇ ಕಂಪ್ಯೂಟರ್ ಇದ್ದರೆ ಸ್ವಿಚ್ಚೂ ಬೇಡ.

ಗೆಳೆಯರ ಹೊಸ ಅಂಗಡಿಯಲ್ಲಿ ಮಾಡಿದ್ದು ಹೀಗೆ. ಕೆಳಗಿನ ಕಂಪ್ಯೂಟರಿಗೊಂದು, ಮಹಡಿಯದಕ್ಕೊಂದು 2.5 ಕಾರ್ಡ್. ಎರಡರ ನಡುವೆ ನೇರವಾಗಿ ಇಪ್ಪತ್ತು ಮೀಟರಿನ ಕೇಬಲ್. ಇಂಟರ್ನೆಟ್ ಎಂದಿನಂತೆ ಹಳೆಯ ಪೋರ್ಟಿನಲ್ಲೇ ಉಳಿಯಿತು. ಹೊಸ ಕಾರ್ಡುಗಳಿಗೆ ಕೈಯಾರೆ ವಿಳಾಸ ಕೊಟ್ಟೆವು: ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಜಾಗ ಖಾಲಿ ಬಿಡಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಇಂಟರ್ನೆಟ್ಟನ್ನೂ ಇದೇ ದಾರಿಯಲ್ಲಿ ಹುಡುಕಲು ಹೊರಡುತ್ತದೆ. ಮಹಡಿಯ ಯಂತ್ರದಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಕೆಳಗಿನದರಲ್ಲಿ ಆ ವಿಳಾಸದಿಂದಲೇ ತೆರೆದರೆ ಆಯಿತು. ಅಲ್ಲಿ ಹಾರ್ಡ್‌ಡಿಸ್ಕ್ ಇರುವುದರಿಂದ 400 ಜಿಬಿಗೆ ನಲವತ್ತು ನಿಮಿಷ ಹಿಡಿಯುತ್ತದೆ.

ಮೂರನೆಯ ಪ್ರತಿ ಇನ್ನೊಂದು ಡಿಸ್ಕಿನಲ್ಲಿ ಬಳ್ಳಾರಿಗೆ ಹೋಗುತ್ತದೆ, ಹಬ್ಬಕ್ಕೆ ಊರಿಗೆ ಹೋಗುವಾಗ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಊರಲ್ಲಿ ಎಂಬ ಬ್ಯಾಕಪ್ಪಿನ ಹಳೆಯ ನಿಯಮಕ್ಕೆ ನಮ್ಮಂಥ ಹೊರನಾಡಿನವರಷ್ಟು ಅನುಕೂಲ ಇನ್ನಾರಿಗೂ ಇಲ್ಲ. ನಮಗೆ ಎರಡು ಊರು ಇದ್ದೇ ಇವೆ.

ಯಾರಿಗೆ ಬೇಡ?

ಇಂಟರ್ನೆಟ್ ಮಾತ್ರ ಬಳಸುವವರಿಗೆ, ಪ್ಲಾನ್ 1 ಜಿಬಿಪಿಎಸ್‌ಗಿಂತ ಕಡಿಮೆ ಇರುವವರೆಗೆ, ಈ ಕಾರ್ಡ್ ಬೇಡ. ಲ್ಯಾಪ್‌ಟಾಪಿಗೆ ಇದು ಹೊಂದುವುದಿಲ್ಲ, ಅದಕ್ಕೆ ಯುಎಸ್‌ಬಿ 3ರ 2.5 ಅಡಾಪ್ಟರ್ ಸಿಗುತ್ತದೆ. ಸಿಡಿಲು ಬಡಿದು ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಮಾತ್ರ ಸತ್ತಿದ್ದರೆ, ‘ಬೋರ್ಡೇ ಬದಲಿಸಬೇಕು’ ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಕೆಲವು ನೂರು ರೂಪಾಯಿಯ 1 ಜಿಬಿಪಿಎಸ್ ಕಾರ್ಡ್ ಹಾಕಿ ನೋಡಿ. ಪಕ್ಕದ ಕಟ್ಟಡದ ಟೆರೇಸಿನಿಂದ ತಾಮ್ರದ ಲ್ಯಾನ್ ಕೇಬಲ್ ಎಳೆದುಕೊಂಡವರಿಗೆ ಮುಂಗಾರಿನ ಮುಂಚಿನ ಗುಡುಗು ಮಳೆಯಲ್ಲಿ ಈ ಅಪಾಯ ಹೆಚ್ಚು. ಫೈಬರ್ ಗಾಜು, ಅದು ಸಿಡಿಲನ್ನು ಒಳಗೆ ತರುವುದಿಲ್ಲ, ತಾಮ್ರ ತರುತ್ತದೆ. ಮೋಡ ಕಟ್ಟಿದಾಗ ಅಂಥ ಕೇಬಲ್ ಕಿತ್ತಿಡುವುದು ಒಳ್ಳೆಯದು.

ಉಳಿದವರು, ಅಂದರೆ ಮಕ್ಕಳ ಫೋಟೊ, ಮದುವೆಯ ವಿಡಿಯೊ, ಆಫೀಸಿನ ದೊಡ್ಡ ಫೈಲುಗಳನ್ನು ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ‘ಬ್ಯಾಕಪ್ ಮಾಡಬೇಕು, ಟೈಮಿಲ್ಲ’ ಎನ್ನುತ್ತಿರುವವರು, ಇವತ್ತು ಸಂಜೆ ಲಿಂಕ್ ಸ್ಪೀಡ್ ನೋಡಿ. 100 ಇದ್ದರೆ ಕೇಬಲ್ ಬದಲಿಸಿ. 1000 ಇದ್ದೂ ಸಾಲುತ್ತಿಲ್ಲವಾದರೆ ಎರಡು ಕಾರ್ಡ್ ತನ್ನಿ. ಮಳೆಗಾಲ ಪ್ರತಿ ವರ್ಷ ಬರುತ್ತದೆ.