ಎಕ್ಸ್‌ರೇಗೆ ಕಾಣದ ಏಟು

ಮುರಿದ ಕಣಕಾಲಿಗೆ ಪ್ಲೇಟು, ಸ್ಕ್ರೂ ಹಾಕಿದ್ದಾಯಿತು. ‘ಮೂಳೆ ಚೆನ್ನಾಗಿ ಕೂಡಿಕೊಂಡಿದೆ’ ಎಂದು ಎಕ್ಸ್‌ರೇ ನೋಡಿ ಹೇಳಿದ್ದೂ ಆಯಿತು. ಆದರೂ ಕೆಲವರಿಗೆ ಮೆಟ್ಟಿಲಿಳಿಯುವಾಗ ಕೀಲು ನೋಯುತ್ತಲೇ ಇರುತ್ತದೆ. ಅಂಥವರ ನೋವನ್ನು ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ. ಮೂಳೆಯನ್ನು ಹೊದ್ದಿರುವ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಮೊಣಕಾಲಿನ ಕೆಳಗಿನ ಎರಡು ಮೂಳೆಗಳಾದ ಟಿಬಿಯಾ, ಫಿಬುಲಾಗಳ ಕೆಳತುದಿ ಸೇರಿ ಆದ ಗೂಡಿನಲ್ಲಿ ಟೇಲಸ್ ಮೂಳೆ ಕೂತಿರುತ್ತದೆ. ಅದರ ನೆತ್ತಿಯ ಮೃದ್ವಸ್ಥಿ ಒಂದೂವರೆ ಮಿಲಿಮೀಟರ್ ಆಸುಪಾಸು ದಪ್ಪ. ರಕ್ತನಾಳಗಳಿಲ್ಲದ ಕಾರಣ ಅದು ಮೂಳೆಯಂತೆ ತಾನೇ ಮಾಯುವುದಿಲ್ಲ. ಕಾಲು ತಿರುಚಿದಾಗ ಟೇಲಸ್ ಗೂಡಿಗೆ ಬಡಿದರೆ ಈ ಪದರ ಸೀಳುತ್ತದೆ, ಒಮ್ಮೊಮ್ಮೆ ಚೂರು ಕಿತ್ತೇ ಬರುತ್ತದೆ.

ಈ ಗಾಯವನ್ನು ನೇರವಾಗಿ ತೋರಿಸುವ ಸಾಧನ ಆರ್ತ್ರೋಸ್ಕೋಪ್, ಅಂದರೆ ಸಣ್ಣ ಕೊಯ್ತದ ಮೂಲಕ ಕೀಲಿನೊಳಗೆ ತೂರಿಸಿ ನೋಡುವ ಕೊಳವೆ. ಕಣಕಾಲಿನ ಕೀಲು ಇಕ್ಕಟ್ಟು, ಅಲ್ಲಿ ಇದು ಆಗದ ಕೆಲಸ ಎಂದು ಅಮೆರಿಕದ ಮೈಕೇಲ್ ಬರ್ಮನ್ 1931ರಲ್ಲಿ ಬರೆದಿದ್ದರು. ಜಪಾನಿನ ಮಸಾಕಿ ವತನಬೆ ತೆಳು ಕೊಳವೆ ತಯಾರಿಸಿ, 1972ರಲ್ಲಿ 28 ಕಣಕಾಲುಗಳ ಒಳಗನ್ನು ನೋಡಿದ ವಿವರ ಪ್ರಕಟಿಸಿದರು. ಇಂದು ಸಾಮಾನ್ಯವಾಗಿ ಬಳಸುವ ಕೊಳವೆಯ ವ್ಯಾಸ 2.7 ಮಿಲಿಮೀಟರ್.

ಮುರಿತದ ಶಸ್ತ್ರಚಿಕಿತ್ಸೆಯ ಹೊತ್ತಿಗೇ ಹೀಗೆ ಒಳಗೆ ನೋಡುವುದಾದರೆ, ಚರ್ಮ ಕೊಯ್ಯುವ ಮುನ್ನ ಸರ್ಜನ್ ರೋಗಿಯ ನಾಲ್ಕನೇ ಕಾಲ್ಬೆರಳನ್ನು ಕೆಳಕ್ಕೆ ಬಾಗಿಸುತ್ತಾರೆ. ಆಗ ಪಾದದ ಮೇಲೆ ಹಾಯುವ ನರವೊಂದು ಚರ್ಮದಡಿ ಎದ್ದು ಕಾಣುತ್ತದೆ. ಅದಕ್ಕೆ ಗಾಯವಾಗದಂತೆ ಜಾಗ ಗುರುತು ಮಾಡಿಕೊಳ್ಳುತ್ತಾರೆ. ಸಲೈನ್ ಹಾಯಿಸಿ ಹೆಪ್ಪುಗಟ್ಟಿದ ರಕ್ತವನ್ನು ತೊಳೆದ ಮೇಲೆ ಪರದೆಯ ಮೇಲೆ ಒಳಗು ತೆರೆದುಕೊಳ್ಳುತ್ತದೆ. ಬರೀ ನೋಡಿದರೆ ಸಾಲದು, ಸಣ್ಣ ಕೊಕ್ಕೆಯಿಂದ ಒತ್ತಿಯೂ ನೋಡಬೇಕು. ಗಟ್ಟಿಮುಟ್ಟಾದ ಮೃದ್ವಸ್ಥಿ ಬೆಳ್ಳಗೆ ಹೊಳೆಯುತ್ತದೆ, ಒತ್ತಿದರೆ ಬಿಗಿಯಾಗಿರುತ್ತದೆ. ಏಟು ತಿಂದದ್ದು ಮೆತ್ತಗೆ ಕುಸಿಯುತ್ತದೆ. ಟಿಬಿಯಾ–ಫಿಬುಲಾ ನಡುವೆ ಕೊಕ್ಕೆ ತೂರಿಸಿದರೆ ಅವೆರಡನ್ನು ಹಿಡಿದಿಟ್ಟ ಅಸ್ಥಿರಜ್ಜು ಸಡಿಲಾಗಿದೆಯೇ ಎಂಬುದೂ ತಿಳಿಯುತ್ತದೆ.

ಸ್ವಿಟ್ಜರ್ಲೆಂಡಿನ ಬೀಟ್ ಹಿಂಟರ್‌ಮನ್ ತಂಡ 288 ಮುರಿದ ಕಣಕಾಲುಗಳನ್ನು ಹೀಗೆ ಪರೀಕ್ಷಿಸಿತ್ತು. 2000ದಲ್ಲಿ ಪ್ರಕಟವಾದ ಆ ವರದಿಯಂತೆ ಸುಮಾರು 79% ಮಂದಿಗೆ ಮೃದ್ವಸ್ಥಿಯ ಗಾಯವಿತ್ತು. ಪರೀಕ್ಷೆಗೊಳಗಾದವರಲ್ಲಿ ಕೆಲವರನ್ನು ಸರಾಸರಿ ಹನ್ನೆರಡು ವರ್ಷಕ್ಕೂ ಮೀರಿದ ಅವಧಿಯ ನಂತರ ಮತ್ತೆ ನೋಡಿದಾಗ, ಮೊದಲೇ ಗಾಯವಿದ್ದವರಲ್ಲಿ ಕೀಲುಸವೆತ ಹೆಚ್ಚಾಗಿತ್ತು.

ಹಾಗೆಂದು ಪ್ರತಿ ಮುರಿತಕ್ಕೂ ಆರ್ತ್ರೋಸ್ಕೋಪಿ ಬೇಕೆಂದು ಮೂಳೆತಜ್ಞರು ಒಪ್ಪಿಲ್ಲ. ಶಸ್ತ್ರಚಿಕಿತ್ಸೆಯ ಹೊತ್ತು, ಖರ್ಚು ಎರಡೂ ಏರುತ್ತವೆ. ಗಾಯ ಕಂಡರೆ ಸಡಿಲ ಚೂರುಗಳನ್ನು ತೆಗೆಯಬಹುದು, ಗಾಯದ ತಳದ ಮೂಳೆಗೆ ಸಣ್ಣ ರಂಧ್ರ ಕೊರೆದು ಹೊಸ ಪದರ ಬೆಳೆಸಬಹುದು. ಆದರೆ ಆ ಪದರ ಮೂಲದಷ್ಟು ಬಾಳಿಕೆಯದ್ದಲ್ಲ. ಇಷ್ಟಾದರೂ, ಮುರಿತ ಜಟಿಲವಾಗಿದ್ದಾಗ ಒಳಗೊಮ್ಮೆ ನೋಡುವುದೇ ಸರಿ ಎಂದು ನನಗನ್ನಿಸುತ್ತದೆ. ಮುಂದೆ ನೋವು ಬರಬಹುದೇ ಎಂದು ಕೇಳುವ ರೋಗಿಗೆ ಆಗ ಊಹೆಯ ಬದಲು ಕಣ್ಣಾರೆ ಕಂಡದ್ದನ್ನು ಹೇಳಬಹುದು.